ಸೆಲ್ವಿನ್ ಕೊರಳಿಗೆ ಬಿದ್ದ ಬೀಕನ್

ಸೆಲ್ವಿನ್ ಪಾಸ್ಕೋಗೆ ಐವತ್ತು ತುಂಬಿದ್ದೇ ತಪ್ಪಾಯಿತು. ತುಂಬದಿದ್ದರೆ ಪುರಸಭೆ ಕಚೇರಿಯವರೆಲ್ಲ ಸೇರಿ ಉಡುಗೊರೆ ಕೊಡುತ್ತಿರಲಿಲ್ಲ. ಕೊಟ್ಟರೂ ಒಂದು ಉಣ್ಣೆ ಟೋಪಿಯಲ್ಲಿ ಮುಗಿಯಬಹುದಿತ್ತು. ಅವರು ಕೊಟ್ಟದ್ದು ಬೀಕನ್.

ಅಂಗೈಯಗಲದ ಹಳದಿ ಪೆಟ್ಟಿಗೆ. ಬೆಟ್ಟದಲ್ಲಿ ಕಾಲು ಮುರಿದುಕೊಂಡವನು ಅದರ ಆಂಟೆನಾ ಕಡ್ಡಿ ಎತ್ತಿ ಗುಂಡಿ ಒತ್ತಿದರೆ, ಅವನು ಬಿದ್ದಿರುವ ಜಾಗ ಉಪಗ್ರಹದ ಮೂಲಕ ರಕ್ಷಣಾ ಕೇಂದ್ರಕ್ಕೆ ತಿಳಿದು ಹೆಲಿಕಾಪ್ಟರ್ ಬರುತ್ತದೆ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ, ಅದರಲ್ಲೂ ನಮ್ಮ ಊರಿನ ಸುತ್ತ, ಫೋನ್ ನಂಬಿಕೊಂಡು ಬೆಟ್ಟಕ್ಕೆ ಹೋಗುವವನನ್ನು ಯಾರೂ ಬುದ್ಧಿವಂತ ಅನ್ನುವುದಿಲ್ಲ.

ಅದನ್ನು ಆರಿಸುವುದಕ್ಕೇ ಕಚೇರಿಯವರಿಗೆ ಎರಡು ವಾರ ಹಿಡಿದಿತ್ತು. "ನೀರಲ್ಲಿ ತೇಲೋದೇ ಆಗಬೇಕು," ಅಂದಿದ್ದಳು ನಾಯಿ ಲೈಸೆನ್ಸ್ ಕೌಂಟರಿನ ಗ್ಲೆನಿಸ್. "ತೇಲೋದಿರಲಿ ಮಾರಾಯ್ತಿ, ಬ್ಯಾಟರಿ ಎಷ್ಟು ವರ್ಷ ಬರುತ್ತೆ ಕೇಳು," ಅಂದಿದ್ದ ರಸ್ತೆ ವಿಭಾಗದ ರಾವಿರಿ. ಅವನು ಬೆಟ್ಟದಲ್ಲಿ ಕಳೆದುಹೋದವರನ್ನು ಹುಡುಕುವ ಊರಿನ ತಂಡದಲ್ಲೂ ಇದ್ದ, ಆದ್ದರಿಂದ ಅವನ ಮಾತಿಗೆ ತೂಕ ಹೆಚ್ಚು. ಕೊನೆಗೆ ತೇಲುವ, ಏಳು ವರ್ಷ ಬ್ಯಾಟರಿ ಬರುವ, ಕತ್ತಲಲ್ಲಿ ಮಿನುಗುವ ಒಂದನ್ನು ತಂದರು. ನೋಂದಣಿ ಫಾರಮನ್ನು ಗ್ಲೆನಿಸ್ ತಾನೇ ತುಂಬಿದಳು. ಆಪತ್ತಿನಲ್ಲಿ ಯಾರಿಗೆ ಫೋನ್ ಮಾಡಬೇಕು ಎನ್ನುವ ಕಡೆ ತನ್ನದೇ ನಂಬರು ಬರೆದಳು.

"ಚೀಲದಲ್ಲಿ ಇಡಬೇಡ," ಎಂದು ಅದನ್ನು ಸೆಲ್ವಿನ್ ಕೊರಳಿಗೆ ಹಾಕಿದಳು. "ಚೀಲ ಹೊಳೇಲಿ ಹೋದರೆ ಬೀಕನ್ ಒಂದು ದಿಕ್ಕಿಗೆ, ನೀನೊಂದು ದಿಕ್ಕಿಗೆ. ಮೈಮೇಲೇ ಇರಬೇಕು. ಒಬ್ಬೊಬ್ಬನೇ ಹ್ಯಾಗರ್ಟಿ ಘಾಟಿ ಹತ್ತೋನು ನೀನು, ನಮಗೆ ಇಲ್ಲಿ ಪ್ರಾಣ ಹೋಗುತ್ತೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಸೆಲ್ವಿನ್ ಹಲ್ಲು ಕಿರಿದ.

ನಿಜ ಹೇಳಬೇಕೆಂದರೆ ಸೆಲ್ವಿನ್ ಜನ್ಮದಲ್ಲಿ ಒಂದು ಬೆಟ್ಟ ಹತ್ತಿದವನಲ್ಲ. ಮೂರು ವರ್ಷದ ಹಿಂದೆ ಈ ಊರಿನ ಕಚೇರಿಗೆ ಕೆಲಸಕ್ಕೆ ಬಂದಾಗ ಸೋಮವಾರದ ಚಹಾದ ಹೊತ್ತು ಎಲ್ಲರೂ ಬೆಟ್ಟದ ಮಾತೇ ಆಡುತ್ತಿದ್ದರು. ಇವನು ಬಾಗಿಲ ಪಕ್ಕ ನಿಂತು ಕಪ್ಪು ತೊಳೆಯುತ್ತಿದ್ದ. ಒಂದು ಸೋಮವಾರ ಬಾಯಿಂದ ಜಾರಿತು: "ನಾನೂ ಹ್ಯಾಗರ್ಟಿ ಘಾಟಿಗೆ ಹೋಗಿದ್ದೆ." ತಕ್ಷಣ ಯಾರೋ ಕುರ್ಚಿ ಎಳೆದು ಕೊಟ್ಟರು. ಗ್ಲೆನಿಸ್ ಸ್ಕೋನ್ ಎಂಬ ಬನ್ನಿಗೆ ಬೆಣ್ಣೆ ಸವರಿ ಕೊಟ್ಟಳು. ಆ ಕುರ್ಚಿ ಉಳಿಸಿಕೊಳ್ಳಲು ಅವನು ಒಟ್ಟು ಏಳು ಸಲ ಅದೇ ಘಾಟಿ ಹತ್ತಿದ್ದ, ಬಾಯಲ್ಲಿ. ನಿಜಕ್ಕೂ ಮಾಡುತ್ತಿದ್ದದ್ದು ಇಷ್ಟೇ: ದಾರಿ ಶುರುವಾಗುವಲ್ಲಿ, ಚಾರಣಿಗರ ಶೌಚಾಲಯದ ಹತ್ತಿರ ಕಾರು ನಿಲ್ಲಿಸಿ, ಮಡಚುವ ಕುರ್ಚಿ ಹಾಕಿ, ಪದಬಂಧ ಬಿಡಿಸಿ, ಸಂಜೆ ಬೂಟಿಗೆ ಒಂದಿಷ್ಟು ಕೆಸರು ಮೆತ್ತಿಕೊಂಡು ಮನೆಗೆ ಬರುವುದು.

ಆ ಶನಿವಾರವೂ ಹಾಗೇ ಕೂತ. ಕೈಯಲ್ಲಿ ಬಿಸಿ ಮಾಂಸದ ಪೈ, ತೊಡೆಯ ಮೇಲೆ ಪದಬಂಧ. ಬೀಕನ್ ಹೊಟ್ಟೆಗೆ ಒತ್ತುತ್ತಿತ್ತು. ಕೂತವನಿಗೆ ಎಂಥ ಆಪತ್ತು ಎಂದುಕೊಂಡು ತೆಗೆದು ಕಾರಿನ ಬಾನೆಟ್ಟಿನ ಮೇಲಿಟ್ಟ.

ಬಂತು ನೋಡಿ ಕೀಯಾ. ಕೀಯಾ ಅಂದರೆ ನಮ್ಮ ಬೆಟ್ಟದ ಗಿಣಿ. ಕಾರಿನ ರಬ್ಬರು ಕೀಳುವುದು, ಬೂಟಿನ ದಾರ ಬಿಚ್ಚುವುದು ಅದರ ಕಸುಬು. ಬಾನೆಟ್ಟಿನ ಮೇಲೆ ಇಳಿದು ಹಳದಿ ಪೆಟ್ಟಿಗೆಯನ್ನು ಎರಡು ಸಲ ಮಗುಚಿತು. ಕೊಕ್ಕಿನಿಂದ ಕಡ್ಡಿ ಎತ್ತಿತು. ಮುಚ್ಚಳ ಕಿತ್ತು ಗುಂಡಿ ಕುಟ್ಟಿತು.

"ಏಯ್! ಏಯ್! ಬಿಡೋ ಅದನ್ನ, ಹಾಳಾದವನೇ!"

ದೀಪ ಮಿನುಗಿತು. ಸೆಲ್ವಿನ್ ಕುರ್ಚಿಯಿಂದ ಏಳುವಷ್ಟರಲ್ಲಿ ಕೀಯಾ ಬೀಕನ್ನಿನ ದಾರ ಕಚ್ಚಿಕೊಂಡು ಮರಗಳ ಮೇಲೆ ಹಾರಿ, ಘಾಟಿಯ ದಿಕ್ಕಿನಲ್ಲಿ ಕಾಣೆಯಾಯಿತು.

ಇನ್ನು ಸ್ವಲ್ಪ ಹೊತ್ತಿಗೆ ಗ್ಲೆನಿಸ್ ಫೋನು ಹೊಡೆದುಕೊಳ್ಳುತ್ತದೆ. ಗ್ಲೆನಿಸ್‌ಗೆ ಗೊತ್ತಾದರೆ ಊರಿಗೇ ಗೊತ್ತಾದಂತೆ. ಹೆಲಿಕಾಪ್ಟರ್ ಬಂದು ನೋಡುತ್ತದೆ: ಬೀಕನ್ ಬೆಟ್ಟದ ಮೇಲೆ, ಬೆಟ್ಟದ ಹುಲಿ ಕುರ್ಚಿಯ ಮೇಲೆ, ಗಡ್ಡದ ತುಂಬ ಪೈ. ಚಹಾದ ಮೇಜಿನ ಕುರ್ಚಿ ಹೋಯಿತು ಅಂತಲೇ ಲೆಕ್ಕ.

ಉಳಿದದ್ದು ಒಂದೇ ದಾರಿ. ಬೀಕನ್ ಎಲ್ಲಿದೆಯೋ ಅಲ್ಲಿ ತಾನೂ ಇರಬೇಕು. ಕುರ್ಚಿ ಮಡಚಿ ಕಾರಿಗೆ ತುರುಕಿ ಬೀಗ ಹಾಕಿ, ಸೆಲ್ವಿನ್ ಬೆಟ್ಟ ಹತ್ತಲು ಶುರು ಮಾಡಿದ.

ಮೊದಲ ಅರ್ಧ ಗಂಟೆಯಲ್ಲಿ ಮೂರು ಸಲ ಜಾರಿದ. ಹೊಳೆ ದಾಟುವಾಗ ಕಲ್ಲಿನ ಮೇಲೆ ಕಾಲಿಟ್ಟ, ಕಲ್ಲು ಅವನನ್ನು ನೀರಿಗಿಟ್ಟಿತು. ನೊಣಗಳು ಕತ್ತಿಗೆ ಮುತ್ತಿದವು. ಬೇರು ಹಿಡಿದು, ಬಂಡೆ ತಬ್ಬಿ, ಗ್ಲೆನಿಸ್‌ಗೂ ಕೀಯಾಗೂ ತನಗೂ ಸರದಿಯಲ್ಲಿ ಶಾಪ ಹಾಕುತ್ತ ಹತ್ತಿದ. ಮಧ್ಯಾಹ್ನದ ಹೊತ್ತಿಗೆ ಕಾಡು ಮುಗಿಯಿತು. ಹುಲ್ಲಿನ ಬಯಲು, ಅದರ ನಡುವೆ ಘಾಟಿಯ ತಂಗುಮನೆ, ಕೆಂಪು ತಗಡಿನ ಸೂರು. ಆಚೆ ಸಾಲು ಸಾಲು ಹಿಮದ ಶಿಖರಗಳು.

ಸೆಲ್ವಿನ್ ಅಲ್ಲೇ ಕೂತುಬಿಟ್ಟ. ಏಳು ಸಲ ತಾನು ಬಣ್ಣಿಸಿದ್ದ ನೋಟದಲ್ಲಿ ಇದರ ಒಂದು ಪಾಲೂ ಇರಲಿಲ್ಲ. ಎಂಥ ಸಂತೋಷವಾಯಿತೆಂದರೆ, ಬೀಕನ್ ಹುಡುಕಲು ಬಂದದ್ದೇ ಮರೆತುಹೋಯಿತು.

ತಂಗುಮನೆಯಲ್ಲಿ ಯಾರೂ ಇರಲಿಲ್ಲ. ಕಿಟಕಿಯ ಪಕ್ಕ ದಾರಕ್ಕೆ ಪೆನ್ನು ಕಟ್ಟಿದ ಒಂದು ದಪ್ಪ ಪುಸ್ತಕವಿತ್ತು. 'ಬಂದವರು ಹೆಸರು, ತಾರೀಖು, ಮುಂದೆ ಹೋಗುವ ದಾರಿ ಬರೆಯಿರಿ' ಎಂದು ಮೇಲೆ ಅಚ್ಚಾಗಿತ್ತು. "ಅರೆ, ಎಷ್ಟು ಒಳ್ಳೇ ಏರ್ಪಾಡು!" ಅಂದುಕೊಂಡ. ತಾರೀಖು, ಗಂಟೆ ಬರೆದು, ಎರಡು ಸಾಲು ಜಾಗ ಹಿಡಿಯುವಷ್ಟು ದೊಡ್ಡದಾಗಿ ಸಹಿ ಹಾಕಿದ.

ಹೊರಗೆ ಹೆಲಿಕಾಪ್ಟರ್ ಸದ್ದು. ನೋಡಿದರೆ ಅದು ಕೆಳಗೆ, ಹೊಳೆಯ ಉದ್ದಕ್ಕೂ ಸುತ್ತುತ್ತಿದೆ. ತಾನು ಸತ್ತೆನೆಂದು ನೀರಲ್ಲಿ ಹುಡುಕುತ್ತಿದ್ದಾರೇನೋ ಎಂದು ಸೆಲ್ವಿನ್ ದಡಬಡ ಇಳಿಯತೊಡಗಿದ. ಅರ್ಧ ದಾರಿಯಲ್ಲಿ ಹೆಲಿಕಾಪ್ಟರ್ ಅವನ ತಲೆಯ ಮೇಲೇ ಮೇಲಕ್ಕೆ ಹೋಯಿತು. ಅಂಗಿ ಬಿಚ್ಚಿ ಬೀಸಿದ. ಮರಗಳ ಕೆಳಗಿನಿಂದ ಬೀಸಿದ್ದು ಯಾರಿಗೆ ಕಂಡೀತು?

ಕೆಳಗೆ ಬಂದಾಗ ಅವನ ಕಾರಿನ ಸುತ್ತ ಇನ್ನೂ ಆರು ಕಾರು. ಕಚೇರಿಗೆ ಕಚೇರಿಯೇ ಬಂದು ನಿಂತಿತ್ತು. ಗ್ಲೆನಿಸ್ ಓಡಿ ಬಂದು ಅಪ್ಪಿಕೊಂಡಳು. ಅಪ್ಪಿದ ಕೈ ಬಿಡುವ ಮೊದಲೇ ಕೇಳಿದಳು:

"ಎಲ್ಲಿದ್ದೆ ನೀನು?"

"ಮೇಲೆ! ಘಾಟಿ ಮೇಲೆ!"

"ಬೀಕನ್ ಇಲ್ಲೇ ಇದೆಯಲ್ಲಯ್ಯಾ! ಆ ಶೌಚಾಲಯದ ಸೂರಿನ ಮೇಲೆ ಸಿಕ್ತು. ಬೆಳಗ್ಗೆ ಹತ್ತರಿಂದ ಅಲ್ಲೇ ಮಿನುಗ್ತಾ ಇತ್ತಂತೆ. ಒಂದು ಗಿಣಿ ಅದರ ಮೇಲೆ ಕೂತು ನಮ್ಮನ್ನೇ ನೋಡ್ತಿತ್ತು."

ಕೀಯಾ ಒಂದು ಸುತ್ತು ಹಾಕಿ ವಾಪಸು ಬಂದಿತ್ತು.

"ಕಾರಿನ ಪಕ್ಕ ಪೈ ಚೂರು ಬಿದ್ದಿದೆ," ಅಂದಳು ಗ್ಲೆನಿಸ್. ದನಿ ತಣ್ಣಗಿತ್ತು. "ಒಳಗೆ ಮಡಚೋ ಕುರ್ಚಿ, ಪದಬಂಧ. ನೀನು ನಿಜವಾಗಿ ಹತ್ತಿದ್ದೆಯಾ?"

ಉಳಿದವರು ಬೂಟು ನೋಡಿಕೊಂಡರು. ಮೂರು ವರ್ಷದಲ್ಲಿ ಮೊದಲ ಸಲ ಸೆಲ್ವಿನ್ ನಿಜ ಹೇಳುತ್ತಿದ್ದ, ಮೊದಲ ಸಲ ಯಾರೂ ನಂಬುತ್ತಿರಲಿಲ್ಲ. ಅಳುವೇ ಬಂತು.

"ಹತ್ತಿದ್ದೆ! ದೇವರಾಣೆಗೂ ಹತ್ತಿದ್ದೆ! ತಂಗುಮನೇಲಿ ಪುಸ್ತಕ ಇದೆ, ಹೋಗಿ ನೋಡಿ, ಸಹಿ ಹಾಕಿದ್ದೀನಿ!"

ಅಷ್ಟರಲ್ಲಿ ಹೆಲಿಕಾಪ್ಟರ್ ಹೊಳೆದಂಡೆಯ ಜಲ್ಲಿಯ ಮೇಲೆ ಇಳಿಯಿತು. ರಾವಿರಿ ಬಗ್ಗಿಕೊಂಡು ಓಡಿಬಂದ. ಅವನ ಕಂಕುಳಲ್ಲಿ ಅದೇ ದಪ್ಪ ಪುಸ್ತಕ. ಕಳೆದುಹೋದವರನ್ನು ಹುಡುಕುವಾಗ ತಂಗುಮನೆಯ ಪುಸ್ತಕ ನೋಡುವುದು ಅವನ ತಂಡದ ಪದ್ಧತಿ.

"ಬದುಕಿದ್ದೀಯಾ ಮಾರಾಯಾ! ನೋಡಿ ಎಲ್ಲರೂ. ಇವತ್ತಿನ ತಾರೀಖು, ಹನ್ನೆರಡೂವರೆ ಗಂಟೆ. ಸೆಲ್ವಿನ್ ಪಾಸ್ಕೋ. ಕುರುಡನಿಗೂ ಕಾಣೋ ಹಾಗೆ ಬರೆದಿದ್ದಾನೆ!"

ಹೋ ಎಂದು ಚಪ್ಪಾಳೆ. ಗ್ಲೆನಿಸ್ ಕಣ್ಣೊರೆಸಿಕೊಂಡಳು. "ನಾನು ಪಾಪಿ ಕಣಯ್ಯಾ, ನಿನ್ನ ಅನುಮಾನಿಸಿದೆ. ಬಾ, ಕೂತ್ಕೋ, ಚಹಾ ಕುಡಿ." ಯಾರೋ ಕುರ್ಚಿ ತಂದಿಟ್ಟರು. ಸೆಲ್ವಿನ್ ಕೂತ. ಜೀವ ಮರಳಿ ಬಂದಂತಾಯಿತು.

"ಇಲ್ಲಿ ಕೊಡು, ನಾನೂ ನೋಡ್ತೀನಿ," ಎಂದು ಗ್ಲೆನಿಸ್ ಪುಸ್ತಕ ತೆಗೆದುಕೊಂಡಳು. ಹದಿನೆಂಟು ವರ್ಷ ನಾಯಿಗಳ ರಿಜಿಸ್ಟರು ತಿರುವಿದ ಕೈ; ಹಾಳೆ ಕಂಡರೆ ಸುಮ್ಮನಿರುವುದಿಲ್ಲ. ಬೆರಳಿಗೆ ಎಂಜಲು ಹಚ್ಚಿ ಹಿಂದಕ್ಕೆ ತಿರುವಿದಳು. ಇನ್ನೂ ಹಿಂದಕ್ಕೆ ತಿರುವಿದಳು.

"ಸೆಲ್ವಿನ್, ಈಸ್ಟರ್ ರಜೇದು ಎಲ್ಲಿದೆ? ಹೊಳೆ ಎದೆಮಟ್ಟ ಬಂದಿತ್ತು ಅಂದೆಯಲ್ಲ."

"ಬರೆಯೋಕೆ... ಮರೆತಿರಬೇಕು."

"ಜುಲೈ ಚಳಿಗಾಲದಲ್ಲಿ ಹಿಮ ಬಿದ್ದಾಗಿನದು? ಜರ್ಮನ್ ಗಂಡ ಹೆಂಡತೀನ ಕಾಪಾಡಿ ತಂಗುಮನೆಗೆ ಕರ್ಕೊಂಡು ಹೋದೆಯಲ್ಲ?"

"ಅವತ್ತೂ ಗಡಿಬಿಡಿ..."

"ಆ ಜರ್ಮನ್ನರೂ ಮರೆತರಾ?"

ರಾವಿರಿ ಕೆಮ್ಮಿದ. "ಇದರಲ್ಲಿ ನಾಲ್ಕು ವರ್ಷದಿಂದ ಬಂದವರ ಹೆಸರೆಲ್ಲ ಇದೆ," ಅಂದ ಮೆಲ್ಲಗೆ.

ಗ್ಲೆನಿಸ್ ಪುಸ್ತಕ ಮುಚ್ಚಿ ಎದೆಗೆ ಅವುಚಿಕೊಂಡಳು. "ಏಳು ಸಲ ಹೋದೆ, ಏಳು ಸಲವೂ ಮರೆತೆ. ಇವತ್ತೊಂದು ದಿನ ಹೇಗಪ್ಪಾ ನೆನಪಾಯ್ತು?"

ದಣಿದ ಬಾಯಿಗೆ ಸುಳ್ಳು ಒದಗಿ ಬರಲಿಲ್ಲ.

"ಅಲ್ಲಿ ಅಂಥದ್ದೊಂದು ಪುಸ್ತಕ ಇರೋದೇ ನನಗೆ ಇವತ್ತು ಗೊತ್ತಾಗಿದ್ದು," ಅಂದುಬಿಟ್ಟ ಸೆಲ್ವಿನ್.