ವಂಶಾವಳಿಗೆ ವೈರಸ್ ಹೊಕ್ಕ ವಾರ

ನಮ್ಮ ಮನೆಯಲ್ಲಿ ಯಾವ ವಸ್ತುವೂ ತನ್ನ ಅಗತ್ಯವಿಲ್ಲದ ಹೊತ್ತಿನಲ್ಲಿ ಕೆಟ್ಟದ್ದಿಲ್ಲ. ನೆಂಟರು ಬರುವ ದಿನವೇ ಮಿಕ್ಸಿ ಸುಡುತ್ತದೆ, ಸೆಕೆ ಏರಿದ ದಿನವೇ ಫ್ಯಾನು ನಿಲ್ಲುತ್ತದೆ. ಕಂಪ್ಯೂಟರಿಗೆ ವೈರಸ್ ಬಂದದ್ದೂ ಹಾಗೆಯೇ, ಕುಟುಂಬದವರೆಲ್ಲ ಸೇರುವ ಭಾನುವಾರಕ್ಕೆ ಎಂಟೇ ದಿನ ಇರುವಾಗ.

ಅಂಚೆ ಕಚೇರಿಯಿಂದ ನಿವೃತ್ತನಾದ ಮೇಲೆ ನನಗೆ ಕೂತಲ್ಲಿ ಕೂರಲಾಗದ ಕಾಯಿಲೆ. ಅದಕ್ಕೆ ಮದ್ದೆಂದು ಎರಡು ವರ್ಷದಿಂದ ನಮ್ಮ ಕುಟುಂಬದ ವಂಶಾವಳಿ ಟೈಪು ಮಾಡುತ್ತಿದ್ದೆ. ಬೈಂದೂರು, ಬ್ರಹ್ಮಾವರ, ಹಾಲಾಡಿ ಎಂದು ಹಂಚಿಹೋದವರ ಹೆಸರು, ವಯಸ್ಸು, ಮಕ್ಕಳು ಮರಿ ಎಲ್ಲವೂ ಕುಂದಾಪುರದ ನಮ್ಮ ಮನೆಯ ಆ ಒಂದು ಕಂಪ್ಯೂಟರಿನೊಳಗೆ. ಪುಸ್ತಕ ಮಾಡಿ ಭಾನುವಾರ ಹಂಚುತ್ತೇನೆಂದು ಎಲ್ಲರಿಗೂ ಹೇಳಿ ಆಗಿತ್ತು.

೧. ಸೈರನ್

ಮುಖಪುಟಕ್ಕೆ ಚಂದದ ಅಕ್ಷರ ಬೇಕೆಂದು ಎಲ್ಲಿಂದಲೋ ಪುಕ್ಕಟೆ ಫಾಂಟ್ ಇಳಿಸಿಕೊಂಡೆ. ಒತ್ತಿದ್ದೇ ತಡ, ಪರದೆ ಕೆಂಪಾಯಿತು. ‘ನಿಮ್ಮ ಕಂಪ್ಯೂಟರು ಅಪಾಯದಲ್ಲಿದೆ, ಈ ನಂಬರಿಗೆ ಫೋನ್ ಮಾಡಿ’ ಎಂದು ಇಂಗ್ಲಿಷಿನಲ್ಲಿ ಬರೆದು, ಆಂಬುಲೆನ್ಸಿನ ಹಾಗೆ ಕೂಗಲು ಶುರುಮಾಡಿತು. ಸ್ಪೀಕರಿನ ಕಿವಿ ತಿರುಪಿದೆ, ಕೂಗು ನಿಲ್ಲಲಿಲ್ಲ. ಹೆಂಡತಿ ಸೌಟು ಹಿಡಿದುಕೊಂಡೇ ಓಡಿ ಬಂದಳು. ಅವಳ ಹಿಂದೆಯೇ ಪಕ್ಕದ ಮನೆಯಾಕೆ.

“ಯಾರಿಗೆ ಎಂತ ಆಯ್ತ್?”

“ಕಂಪ್ಯೂಟರಿಗೆ ವೈರಸ್ ಬಂತ್,” ಎಂದೆ, ಬೆವರು ಒರೆಸಿಕೊಳ್ಳುತ್ತ.

ಆಕೆ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಹೆಂಡತಿಗೆ ಮೆಲ್ಲ ಹೇಳಿದರು: “ಅಕ್ಕ, ಒಂದ್ಸಲ ಬೀಪಿ ಕಾಣ್ಸಿ. ಕಂಪ್ಯೂಟರಿಗಲ್ಲ, ಇವ್ರಿಗೆ.”

೨. ಗೇಟಿನ ಹತ್ತಿರದ ಗುಟ್ಟು

ಸಾಸ್ತಾನದಲ್ಲಿ ಕಂಪ್ಯೂಟರ್ ರಿಪೇರಿಯವರೊಬ್ಬರು ಇದ್ದಾರೆ. ಮುಂಬೈಯ ಹೋಟೆಲುಗಳಲ್ಲಿ ಬಿಲ್ಲಿನ ಮಿಷನ್ ಸರಿಮಾಡಿ ತಲೆ ನರೆಸಿಕೊಂಡವರು. ಫೋನಿನಲ್ಲಿ ಒಂದೇ ಮಾತು ಹೇಳಿದರು. “ಆ ನಂಬರಿಗೆ ಫೋನ್ ಮಾಡ್ಬೇಡಿ. ಮೊದ್ಲ್ ಇಂಟರ್ನೆಟ್ ತೆಗೀರಿ. ನಾನ್ ನಾಳೆ ಬತ್ತೆ.”

ನಾನು ರೂಟರಿನ ವಯರನ್ನೇ ಕಿತ್ತು ಹಾಕಿದೆ. ಹತ್ತು ನಿಮಿಷವಾಗಿರಲಿಲ್ಲ, ಎದುರು ಮನೆಯವರು ಬಾಗಿಲಿಗೆ ಬಂದರು.

“ಹ್ವಾಯ್, ನಿಮ್ಮನಿ ನೆಟ್ ಎಂತಕ್ಕೆ ಬಂದ್ ಆಯ್ತ್? ಕ್ರಿಕೆಟ್ ಕಾಂತಿದ್ದೆ.”

ನಮ್ಮ ನೆಟ್ ಬಂದಾದದ್ದು ಅವರಿಗೆ ಹೇಗೆ ಗೊತ್ತು ಎಂದು ನನಗೆ ಹೊಳೆಯುವುದಕ್ಕೇ ಸ್ವಲ್ಪ ಹೊತ್ತು ಹಿಡಿಯಿತು. “ನಿಮ್ಗೆ ಪಾಸ್‌ವರ್ಡ್ ಯಾರ್ ಕೊಟ್ರ್?” ಎಂದೆ.

“ನೀವೇ. ಹೋದ ವರ್ಷ ಗೇಟಿನ್ ಹತ್ರ ನಿಂತ್ಕಂಡ್ ಯಾರಿಗೋ ಫೋನಲ್ಲಿ ಮೂರ್ ಸಲ ಗಟ್ಟಿ ಹೇಳಿದ್ರಲ್ದಾ. ಈ ಬೀದಿಯಲ್ಲಿ ಅದ್ ಗೊತ್ತಿಲ್ದಿದ್ದವ್ರ್ ಯಾರೂ ಇಲ್ಲೆ.”

೩. ಬ್ರಹ್ಮಾವರದ ಮಾವ

ಮರುದಿನ ಬೆಳಿಗ್ಗೆಯೇ ಗೊತ್ತಾಯಿತು, ವೈರಸ್ ನನ್ನ ಹೆಸರಿನಲ್ಲಿ ನೆಂಟರಿಗೆಲ್ಲ ಮೇಲ್ ಕಳಿಸಿದೆ. ‘ನನ್ನ ಫೋಟೋ ನೋಡಲು ಇಲ್ಲಿ ಒತ್ತಿ’ ಅಂತ. ಒತ್ತಿದರೆ ಅವರ ಕಂಪ್ಯೂಟರೂ ಕೆಟ್ಟಂತೆ. ನಾನು ಅಂಗಳದಲ್ಲಿ ಶತಪಥ ಹಾಕುತ್ತ ಒಬ್ಬೊಬ್ಬರಿಗೂ ಫೋನ್ ಮಾಡಿ, ಒತ್ತಬೇಡಿ ಎಂದು ಬೇಡಿಕೊಂಡೆ. ಬ್ರಹ್ಮಾವರದ ಸೋದರಮಾವ ಮಾತ್ರ ತಾವೇ ಫೋನ್ ಮಾಡಿದರು.

“ಎರಡ್ ಸಲ ಒತ್ತಿದೆ ಮಾರಾಯ, ನಿನ್ ಫೋಟೋ ಬಪ್ಪುದೇ ಇಲ್ಲೆ.”

“ಮಾವ, ಅದ್ ನಾನ್ ಕಳ್ಸಿದ್ದಲ್ಲ, ವೈರಸ್. ಇನ್ ಒತ್ಬೇಡಿ.”

“ಹೌದಾ?” ಎಂದರು. ಆಚೆ ಕಡೆಯಿಂದ ಟಿಕ್ ಎಂದು ಸದ್ದು. “ಹೌದ್ ಕಾಣ್, ಈಗ್ಲೂ ಬತ್ತಿಲ್ಲೆ.”

೪. ನಲವತ್ತೆರಡು ಪರ್ಸೆಂಟ್

ರಿಪೇರಿಯವರು ಬಂದು ವೈರಸ್ ಹುಡುಕಲು ಹಾಕಿದರು. ಪರದೆಯ ಮೇಲೆ ಹಸಿರು ಪಟ್ಟಿ ನಲವತ್ತೆರಡಕ್ಕೆ ಬಂದು ನಿಂತಿತು. ನಾನು ಅವರ ಕುರ್ಚಿಯ ಹಿಂದೆ ನಿಂತು “ಎಷ್ಟಾಯ್ತ್?” ಎಂದೆ. ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದು “ಈಗ ಎಷ್ಟಾಯ್ತ್?” ಎಂದೆ. ಏಳನೆಯ ಸಲ ಕೇಳಿದಾಗ ಅವರು ಕನ್ನಡಕ ತೆಗೆದು, ಒಂದು ಚೀಟಿಯಲ್ಲಿ ಏನೋ ಬರೆದುಕೊಟ್ಟರು. “ಈ ಸಣ್ಣ ಬ್ಯಾಟರಿ ಬೇಕಿತ್ತ್. ಪೇಟೆಯಿಂದ ತಕ್ಕಂಡ್ ಬನ್ನಿ.”

ನಾಲ್ಕು ಅಂಗಡಿ ತಿರುಗಿ, ಐದನೆಯದರಲ್ಲಿ ಸಿಕ್ಕಿದ್ದನ್ನು ಏದುಸಿರು ಬಿಡುತ್ತ ತಂದುಕೊಟ್ಟೆ. ಅವರು ಅದನ್ನು ಮೇಜಿನ ಮೇಲೆ ಹಾಗೆಯೇ ಇಟ್ಟರು. ಅಷ್ಟರಲ್ಲಿ ಅವರ ಕೆಲಸ ಮುಗಿದಿತ್ತು. ವಂಶಾವಳಿಯ ಫೈಲು ಹಾಳಾಗಿದೆ, ಕಂಪ್ಯೂಟರಿಗೆ ಚುಚ್ಚಿಯೇ ಇಟ್ಟಿದ್ದ ಪೆನ್‌ಡ್ರೈವಿನದ್ದೂ ಹೋಗಿದೆ, ಎಲ್ಲ ಅಳಿಸಿ ಹೊಸದಾಗಿ ಹಾಕಿದ್ದೇನೆ, ಪಾಸ್‌ವರ್ಡುಗಳನ್ನೆಲ್ಲ ಬದಲಾಯಿಸಿ ಎಂದರು. ಎರಡು ವರ್ಷದ ಕೆಲಸ. ಏನಾದರೂ ಹೇಳಬೇಕಲ್ಲ ಎಂದು ಕೇಳಿದೆ, “ಬ್ಯಾಟರಿ ಹಾಕುದಿಲ್ಯಾ?”

“ಅದ್ ಕಂಪ್ಯೂಟರಿಗೆ ಬೇಕಿತ್ತಿಲ್ಲೆ,” ಎಂದರು ಅವರು. “ನೀವ್ ಒಂದ್ ಗಂಟೆ ಹೊರ್ಗ್ ಹೋಗ್ಬೇಕಿತ್ತ್, ಅಷ್ಟೇ.”

೫. ಬೈಂದೂರಿನ ಚಿಕ್ಕಮ್ಮ

ಪುಸ್ತಕ ಅಂತೂ ಭಾನುವಾರಕ್ಕೆ ಬಂತು. ಬರಲು ಕಾರಣ ಬೈಂದೂರಿನ ಚಿಕ್ಕಮ್ಮ. ತಪ್ಪಿದ್ದರೆ ತಿದ್ದಿ ಎಂದು ಹಿಂದಿನ ತಿಂಗಳು ಇಡೀ ವಂಶಾವಳಿಯ ಒಂದು ಪ್ರಿಂಟು ಅವರಿಗೆ ಕೊಟ್ಟಿದ್ದೆ. ಅದು ನೆನಪಾದದ್ದೇ ಸಿಕ್ಕಿದ ಬಸ್ಸು ಹತ್ತಿ ಓಡಿದೆ. ಚಿಕ್ಕಮ್ಮ ಕಾಗದದ ಕಟ್ಟನ್ನು ಭದ್ರವಾಗಿ ಇಟ್ಟಿದ್ದರು. ಅದನ್ನು ಎದೆಗೊತ್ತಿಕೊಂಡೆ, ಕಣ್ಣಲ್ಲಿ ನೀರೇ ಬಂತು. ಆಮೇಲೆ ತೆರೆದು ನೋಡಿದರೆ, ಅವರು ತಿದ್ದಿದ್ದು ಒಂದೇ ಕಡೆ. ತಮ್ಮ ಹೆಸರಿನ ಮುಂದೆ ಎಪ್ಪತ್ನಾಲ್ಕು ಇದ್ದದ್ದನ್ನು ಹೊಡೆದು ಅರವತ್ತೈದು ಮಾಡಿದ್ದರು.

“ಚಿಕ್ಕಮ್ಮ, ಹೀಂಗಾರೆ ನೀವ್ ಮಗನ್ನ ಹೆತ್ತದ್ದ್ ಹನ್ನೊಂದನೇ ವರ್ಷಕ್ಕೆ ಅಂತ ಆತ್ತಲ್ಲ.”

ಅವರು ಪೆನ್ಸಿಲ್ ತಂದು ಮಗನ ಐವತ್ನಾಲ್ಕನ್ನು ನಲವತ್ತೈದು ಮಾಡಿದರು. “ಈಗ ಸರಿ ಆಯ್ತಲ್ದಾ?”

“ಅವ್ನ ಮಗಳಿಗೆ ಇಪ್ಪತ್ತೊಂಬತ್ತ್. ಅಪ್ಪನಿಗೂ ಅವಳಿಗೂ ಹದಿನಾರೇ ವರ್ಷ ಅಂತರ.”

ಮೊಮ್ಮಗಳಿಗೂ ಒಂಬತ್ತು ಕಡಿಮೆಯಾಗಿ ಇಪ್ಪತ್ತಾಯಿತು. ನನಗೆ ಬಸ್ಸಿನ ಚಿಂತೆ, ಮುದ್ರಣದವರ ಚಿಂತೆ. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆದರೂ ಬಿಡದೆ ಹೇಳಿದೆ, “ಆ ಮೊಮ್ಮಗಳ ಮಗುವಿಗೆ ಈಗ ಮೂರ್ ವರ್ಷ. ಅದ್ರದ್ದೂ ಒಂಬತ್ತ್ ಕಡ್ಮಿ ಮಾಡಿರೆ ಅದ್ ಹುಟ್ಟುಕೆ ಇನ್ನೂ ಆರ್ ವರ್ಷ ಇತ್ತ್, ಚಿಕ್ಕಮ್ಮ.”

ಚಿಕ್ಕಮ್ಮ ಪೆನ್ಸಿಲನ್ನು ಆ ಮಗುವಿನ ಹೆಸರಿನ ಮೇಲೆ ತಂದಿಟ್ಟರು.

“ಹಾಂಗಾರೆ,” ಎಂದರು, “ಅದ್ರ ಹೆಸ್ರ್ ಈಗ್ಳೇ ಹಾಕ್ಬೇಡ.”