ತುದಿ ಕಂದಿದ ವೀಳ್ಯದೆಲೆ

ನನಗೆ ಜಂಬ ಇದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಾರು, ಸೈಟು ಇದ್ದವರಿಗೆ ಬರುವ ಜಂಬವಲ್ಲ. ಕುಂಡದಲ್ಲಿ ಬೆಳೆಸಿದ ಒಂದು ವೀಳ್ಯದೆಲೆ ಬಳ್ಳಿಯಿಂದ ಬಂದದ್ದು. ತುಮಕೂರಿನ ಸದಾಶಿವನಗರದ ನಮ್ಮ ತಾರಸಿಯಲ್ಲಿ ಅದು ನೀರಿನ ಟ್ಯಾಂಕಿನ ಕಂಬ ಹಿಡಿದು ಹಬ್ಬಿತ್ತು. ಕರೆಂಟು ಮೀಟರ್ ನೋಡಲು ಬಂದವನನ್ನೂ ಮೇಲಕ್ಕೆ ಕರೆದೊಯ್ದು ತೋರಿಸುತ್ತಿದ್ದೆ. ಹಾಗಾಗಿ ಕುಣಿಗಲ್ಲಿನ ತಂಗಿಯ ಮಗಳಿಗೆ ನಿಶ್ಚಿತಾರ್ಥ ಗೊತ್ತಾದ ದಿನ, ಯಾರೂ ಕೇಳದಿದ್ದರೂ, "ತಾಂಬೂಲದ ಎಲೆ ನಂದು. ಅಂಗಡಿ ಎಲೆ ತಂದ್ರೆ ನಾನ್ ಬರಲ್ಲ" ಎಂದುಬಿಟ್ಟೆ.

ಅಷ್ಟರಲ್ಲಿ ಎಲೆಗಳ ತುದಿ ಕಂದುಬಣ್ಣಕ್ಕೆ ತಿರುಗತೊಡಗಿತು. ತುದಿ ಸುಟ್ಟ ಎಲೆಯನ್ನು ತಾಂಬೂಲಕ್ಕೆ ಇಡುವಂತಿಲ್ಲ. ಇದೆಲ್ಲ ಹತ್ತೇ ದಿನದಲ್ಲಿ ಆಯಿತೆಂದು ನನ್ನ ನೆನಪು. ಎರಡು ತಿಂಗಳಿಂದ ಆಗುತ್ತಿತ್ತು ಎನ್ನುತ್ತಾಳೆ ಹೆಂಡತಿ ವಸಂತ. ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುವುದರಿಂದ ನೀವು ಅವಳನ್ನೇ ನಂಬಿ. ಬಿಸಿಲಿರಬೇಕೆಂದು ಹಳೇ ಸೀರೆ ಕಟ್ಟಿ ನೆರಳು ಮಾಡಿದೆ. ಬಾಯಾರಿಕೆಯಿರಬೇಕೆಂದು ದಿನಕ್ಕೆ ಎರಡು ಸಲ ನೀರು ಹೊಯ್ದೆ. ಆ ನೀರಾದರೂ ಎಂಥದ್ದು! ಅಡುಗೆಮನೆಯ ಫಿಲ್ಟರು ಬೋರ್‌ವೆಲ್ ನೀರನ್ನು ಸಿಹಿ ಮಾಡಿ, ಬೇಡವಾದದ್ದನ್ನು ಸಣ್ಣ ಪೈಪಿನಲ್ಲಿ ಹೊರಗೆ ಬಿಡುತ್ತದಲ್ಲ, ಅದನ್ನೇ ಬಕೆಟ್ಟಿನಲ್ಲಿ ಹಿಡಿದು ಒಂದು ಹನಿಯೂ ಪೋಲಾಗದಂತೆ ಹೊತ್ತೊಯ್ಯುತ್ತಿದ್ದೆ. ಬೀದಿಯವರಿಗೆಲ್ಲ ಈ ಉಪಾಯ ಹೇಳಿಕೊಟ್ಟಿದ್ದೆ. ಅದು ನನ್ನ ಎರಡನೆಯ ಜಂಬ.

ನಿಶ್ಚಿತಾರ್ಥಕ್ಕೆ ಒಂದು ತಿಂಗಳಿದೆ ಎನ್ನುವಾಗ ಗುಬ್ಬಿಯಿಂದ ಅಕ್ಕ ಬಂದಳು. ತೋಟದ ತೆಂಗಿನ ಮರಗಳಿಗೆ ಎಲೆಬಳ್ಳಿ ಹಬ್ಬಿಸಿಕೊಂಡಿರುವವಳು. ಬಂದವಳೇ ಕುಂಡದ ಅಂಚಿಗೆ ಕಟ್ಟಿದ್ದ ಬಿಳಿ ಹಕ್ಕಳೆಯನ್ನು ಉಗುರಿನಿಂದ ಕೆರೆದು ನಾಲಗೆಗೆ ಇಟ್ಟುಕೊಂಡಳು.

"ಏನ್ಲಾ, ಬಳ್ಳೀನ ಉಪ್ಪಿನಕಾಯಿ ಹಾಕ್ತಿದೀಯಾ?"

"ಫಿಲ್ಟರ್ ನೀರು ಕಣಕ್ಕಾ!"

"ಫಿಲ್ಟರ್ ನೀರು ನೀನ್ ಕುಡೀತೀಯ. ಅದು ಉಗುಳಿದ್ದನ್ನ ಇದಕ್ಕೆ ಕುಡಿಸ್ತೀಯ. ಬೋರ್‌ವೆಲ್ ಉಪ್ಪೆಲ್ಲ ಅದ್ರಲ್ಲೇ ಅಲ್ವೇನೋ ಇರೋದು?"

"ನಾನ್ ಹೇಳ್ದೆ ಅತ್ತಿಗೆ," ಎಂದಳು ವಸಂತ. "ಇವ್ರು ಪರಿಸರ ಉಳಿಸ್ತಿದ್ರು."

ಅಕ್ಕ ಸೆರಗು ಸಿಕ್ಕಿಸಿಕೊಂಡಳು. "ಒಣಗಿದ್ದು ಇನ್ ಹಸಿರಾಗಲ್ಲ, ಚಿವುಟಿ ಬಿಸಾಕು. ಮಳೆನೀರು ಹುಯ್ಯಿ, ಕೆಳಗಿನ ತೂತಿಂದ ಸುರಿದು ಹೋಗ್ಬೇಕು. ಹಂಗೆ ನಾಲ್ಕೈದು ಸಲ. ಆಮೇಲೆ ದಿನಾ ಬೆರಳಿಟ್ಟು ನೋಡು, ಮೇಲ್ಮಣ್ಣು ಒಣಗಿದ್ರೆ ಮಾತ್ರ ನೀರು. ಆ ಬಕೆಟ್ಟಲ್ಲಿ ನೆಲ ಒರೆಸ್ಕೋ ಬುಡು."

ಹೇಳಿದ ಹಾಗೇ ಮಾಡಿದೆ. ಬೀದಿಯವರಿಗೆ ಮಾತ್ರ ಇನ್ನೂ ಹೇಳಲು ಬಾಯಿ ಬಂದಿಲ್ಲ. ನಿಶ್ಚಿತಾರ್ಥದ ಹೊತ್ತಿಗೆ ಐದು ಹೊಸ ಎಲೆ ಬಂದವು. ತುದಿ ಬಾಣದಂತೆ, ಎಳೆಹಸಿರು. ಉಳಿದದ್ದೆಲ್ಲ ಗುಬ್ಬಿಯ ಎಲೆ. ಕುಣಿಗಲ್ಲಿನಲ್ಲಿ ನನ್ನ ಐದನ್ನು ತಟ್ಟೆಯ ಮೇಲ್ಭಾಗಕ್ಕೆ ಜೋಡಿಸಿ, ನಾನೇ ಬೆಳೆಸಿದ ಮಗಳೇನೋ ಎಂಬಂತೆ ಹಿಂದೆ ನಿಂತೆ.

ಶಾಸ್ತ್ರ ಮುಗಿಯಿತು. ಗಂಡಿನ ಅಜ್ಜ ಮೇಲಿನ ಎಲೆಯನ್ನೇ ತೆಗೆದುಕೊಂಡು ಪಂಚೆಗೆ ಒರೆಸಿ, ಎಲೆ ಹಾಕುವವರೆಲ್ಲ ಮಾಡುವಂತೆ ತೊಟ್ಟು ಮುರಿದು, ತುದಿ ಚಿವುಟಿ, ಅತ್ತ ಎಸೆದು, ಸುಣ್ಣ ಸವರಿದರು.

ನಾನು ಬಗ್ಗಿ ಆ ತುದಿಯನ್ನು ಎತ್ತಿಕೊಂಡೆ. ಊಟಕ್ಕೆ ಕೂತಾಗ ಪಕ್ಕದವರಿಗೆ ತೋರಿಸಿದೆ: "ನೋಡಿ ಸಾರ್, ಒಂದ್ ಚೂರಾದ್ರೂ ಕಂದಿದೆಯಾ?"