ಕಂಡಕ್ಟರ್ ಕಸ್ತೂರಿ ಮತ್ತು ನಾನು

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಲಾಗದ ಹೆಂಗಸು ಸರಿಸಮಾನರ ಪ್ರೇಮಕತೆ ಬರೆಯಬಾರದು ಎಂದು ಯಾರಾದರೂ ಕಾಯ್ದೆ ಮಾಡಿದ್ದರೆ ನಾನು ಇಷ್ಟು ಹೊತ್ತಿಗೆ ಜೈಲಿನಲ್ಲಿರುತ್ತಿದ್ದೆ. ನನ್ನ ಧೈರ್ಯವೆಲ್ಲ ಬರೆಯುವುದರಲ್ಲೇ ಖರ್ಚಾಗಿ, ಮನೆ ಮುಟ್ಟುವಾಗ ಬರಿಗೈಯಾಗಿರುತ್ತದೆ. ನಾನು ಮೂಡಲಗಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ತವರು ಹುಕ್ಕೇರಿ, ಮನೆ ಗೋಕಾಕ. ದಿನಾ ಬಸ್ಸಿನಲ್ಲಿ ಹೋಗಿಬರುವಾಗ ಸೀಟು ಸಿಕ್ಕರೆ ಮೊಬೈಲಿನಲ್ಲಿ ಧಾರಾವಾಹಿ ಬರೆಯುತ್ತೇನೆ. ಸೀಟು ಸಿಗದಿದ್ದರೆ ನಿಂತೇ ಬರೆಯುತ್ತೇನೆ, ಅಂಥ ದಿನ ಕತೆಯಲ್ಲಿ ಯಾರಾದರೊಬ್ಬರು ಸಾಯುತ್ತಾರೆ.

ನನ್ನ ನಾಯಕಿ ಕಂಡಕ್ಟರ್ ಕಸ್ತೂರಿ. ಆಕೆ ಗೋಕಾಕಕ್ಕೆ ಬರುವ ರಾತ್ರಿಯ ಕೊನೆಯ ಬಸ್ಸಿನವಳು. ಘಟಪ್ರಭೆಯ ಸೇತುವೆ ಬಂತೆಂದರೆ ದೆವ್ವಗಳು ಹತ್ತುತ್ತವೆ. ದೆವ್ವ, ಮಾಯೆಯ ಕತೆಗಳಿಗೆ ದೊಡ್ಡ ದೊಡ್ಡ ಶಹರವೇ ಬೇಕು ಎಂದು ಓದುಗರೊಬ್ಬರು ಕಮೆಂಟು ಹಾಕಿದ್ದರು. ಯಾಕ್ರೀ? ನಮ್ಮಲ್ಲೂ ಟ್ರಾಫಿಕ್ ಇದೆ, ಕೋರ್ಟಿದೆ, ಸತ್ತ ಮೇಲೂ ಹೊಲದ ಬದುವಿನ ಜಗಳ ಬಿಡದವರಿದ್ದಾರೆ. ಇಷ್ಟಿದ್ದರೆ ದೆವ್ವಗಳಿಗೆ ಇನ್ನೇನು ಅನುಕೂಲ ಬೇಕು? ಮೊದಮೊದಲು ಕಸ್ತೂರಿ ದೆವ್ವ ಕಂಡ ಕೂಡಲೇ ಚೀರುತ್ತಿದ್ದಳು. ಡ್ರೈವರ್ ಶಿವು ಓಡಿಬಂದು ಕಾಪಾಡುತ್ತಿದ್ದ. ಆಗ ನಮ್ಮ ಮನೆಯವರು ತಕರಾರು ತೆಗೆದರು. ಅವರದು ಪೇಟೆಯಲ್ಲಿ ಸುಟ್ಟ ಪಂಪಿನ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ, ನಾನು ಬರೆದದ್ದನ್ನು ಮೊದಲು ಓದುವವರೂ ಅವರೇ. "ಎಷ್ಟ ದಿನಾ ಚೀರಸ್ತಿ ಆಕೀನ? ಗಂಟಿ ಆಕಿ ಕೈಯಾಗ ಐತಿ. ಆಕಿ ಬಾರಸೂ ಮಟಾ ಅಂವ ಗಾಡಿ ಹೆಂಗ ಬಿಡ್ತಾನ?" ಎಂದರು. ನನಗೆ ಸಿಟ್ಟು ಬಂತು, ಆದರೆ ಮಾತು ಸರಿ ಇತ್ತು. ಅಲ್ಲಿಂದ ಕಸ್ತೂರಿ ಬೆಳೆದಳು. ದೆವ್ವಗಳಿಗೆ ಚಿಲ್ಲರೆ ಕೇಳಿದಳು, ಟಿಕೇಟಿಲ್ಲದವನ್ನು ಸೇತುವೆಯ ನಡುವೆಯೇ ಇಳಿಸಿದಳು. ಶಿವುವಿಗೆ ಹೆದರಿಕೆಯಾದಾಗ ಆಕೆಯೇ ಧೈರ್ಯ ಹೇಳಿದಳು. ಗಾಡಿ ಬಿಡಲು ಇಬ್ಬರೂ ಬೇಕು, ನಿಲ್ಲಿಸಲು ಇಬ್ಬರೂ ಬೇಕು. "ಶಿವ್ಯಾ, ಬ್ರೇಕ್ ಹಾಕೋ!" ಎಂದು ಆಕೆ ಕೂಗಿದ ಕಂತಿಗೆ ಓದುಗ ಮಹಿಳೆಯರು ಇಮೋಜಿಗಳ ಸುರಿಮಳೆ ಸುರಿಸಿದರು.

ಇದನ್ನು ಬರೆದು ಮನೆಗೆ ಬಂದು ನಾನು ಕರೆಯುತ್ತಿದ್ದದ್ದು ಹೀಗೆ: "ರೀ, ಕೇಳಸ್ತೇನ್ರಿ?" ಅವರು ಕರೆಯುತ್ತಿದ್ದದ್ದು: "ಏ, ಎಲ್ಲದಿ?" ಹೊರಗಿನವರ ಮುಂದೆ ನಾನು 'ನಮ್ಮ ಮನ್ಯಾಕಿ'. ಬ್ಯಾಂಕಿನಲ್ಲಿ ಗಂಡನ ಹೆಸರು ಕೇಳಿದರೆ ನಾನು ಆಧಾರ್ ಕಾರ್ಡು ಮುಂದೆ ಮಾಡಿ ಬೆರಳು ತೋರಿಸುತ್ತೇನೆ, ಗಣಿತದ ಟೀಚರಿಗೆ ಓದಲು ಬರುವುದಿಲ್ಲವೇನೋ ಎನ್ನುವಂತೆ. ಒಬ್ಬರ ಹೆಸರು ಇನ್ನೊಬ್ಬರು ಹೇಳುತ್ತಿರಲಿಲ್ಲ, ನಮ್ಮ ಸಂಸಾರದಲ್ಲಿದ್ದ ಸಮಾನತೆ ಇದೊಂದೇ. ಮದುವೆಯಲ್ಲಿ ಮಾತ್ರ ನಾದಿನಿಯರು ಬಾಗಿಲು ಅಡ್ಡಗಟ್ಟಿದಾಗ ಒಡಪು ಹೇಳಿದ್ದೆ. ಗಂಡನ ಹೆಸರನ್ನು ಪ್ರಾಸದ ನಡುವೆ ಅಡಗಿಸಿ ಹೇಳಿದರೆ ನಮ್ಮ ಕಡೆ ತಪ್ಪಿಲ್ಲ. ಅದಾದ ಮೇಲೆ ಆ ಹೆಸರು ನನ್ನ ಬಾಯಿಗೆ ಬಂದಿರಲಿಲ್ಲ.

ಹೋದ ಬೇಸಿಗೆಯಲ್ಲಿ ಅವರು ಅಂಗಡಿಯಲ್ಲಿ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತ ಕುಳಿತವರು ಹಾಗೇ ಬಲಕ್ಕೆ ವಾಲಿದರಂತೆ. ಬಾಜೂ ಅಂಗಡಿಯವರು ಎತ್ತಿ ಗಾಡಿಗೆ ಹಾಕಿಕೊಂಡು ಹೋದರು. ಊರಿನ ಡಾಕ್ಟರು ನೋಡಿ, ತಡ ಮಾಡದೆ ಬೆಳಗಾವಿಗೆ ಒಯ್ಯಿರಿ ಎಂದರು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಬಲಗೈ ಬಲಗಾಲು ಹೋಗಿದ್ದವು. ಎರಡು ದಿನ ಕಣ್ಣು ಬಿಡಲಿಲ್ಲ. ನಾನೂ ಅತ್ತೆಯೂ ಹಾಸಿಗೆಯ ಆಚೀಚೆ ಕುಳಿತಿದ್ದೆವು. ನನಗೆ ಭಯವಾಗಿತ್ತು. ಕತೆಯಲ್ಲಿ ಎಷ್ಟೋ ಜನರನ್ನು ಸಾಯಿಸಿದವಳು ನಾನು, ಸಾವು ಹೀಗೆ ಸ್ಟೂಲಿನ ಮೇಲೆ ಕೂರಿಸಿ ಕಾಯಿಸುತ್ತದೆಂದು ಗೊತ್ತಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಬಂದ ಡಾಕ್ಟರಮ್ಮ, "ಹೆಸರು ಹಿಡಿದು ಜೋರಾಗಿ ಕರೀರಿ. ಪರಿಚಯದ ದನಿಗೆ ಕಣ್ಣು ಬಿಡಬಹುದು" ಎಂದರು. ನಾನು ಬಗ್ಗಿ "ರೀ" ಎಂದೆ. ಪಕ್ಕದ ಹಾಸಿಗೆಯ ಮುದುಕರು "ಏನವಾ?" ಎಂದರು. "ರೀ ಅಲ್ಲಮ್ಮ, ಹೆಸರು" ಎಂದರು ಡಾಕ್ಟರಮ್ಮ. ಹೊಳೆಯ ತಳದಲ್ಲಿ ದೆವ್ವಗಳ ನಡುವೆ ಸಿಕ್ಕಿಬಿದ್ದ ಶಿವುವನ್ನು ಕಸ್ತೂರಿ ಹೆಸರು ಹಿಡಿದು ಕರೆದೇ ಮೇಲೆ ತಂದಿದ್ದಳು. ಅರಭಾವಿಯಿಂದ ಗೋಕಾಕ ಬರುವುದರೊಳಗೆ ಬರೆದು ಮುಗಿಸಿದ್ದ ಕಂತು ಅದು. ಈಗ ನನ್ನ ಕೈ ತಾನಾಗಿಯೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು. ನಾನು ಅತ್ತೆಯ ಮುಖ ನೋಡಿದೆ. ಅವರ ಕಣ್ಣು ತುಂಬಿದ್ದವು. "ಹೇಳ ಯವ್ವಾ, ನನ್ನ ಮಾರಿ ಏನ ನೋಡ್ತಿ? ನಾ ಕಿವಿ ಮುಚ್ಕೋತೇನಿ, ಹೇಳ" ಎಂದು ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡರು.

ನಾನು ಕಣ್ಣು ಮುಚ್ಚಿ ಬಾಯಿ ತೆರೆದೆ. ಬರೀ ಹೆಸರು ಬರಲೇ ಇಲ್ಲ. ಬಂದದ್ದು ಒಡಪು. ಐಸಿಯುವಿನಲ್ಲಿ, ಅಷ್ಟು ನಳಿಕೆಗಳ ನಡುವೆ ನಿಂತು, ಶಾಲೆಯ ಪದ್ಯದಂತೆ ಒಪ್ಪಿಸಿದೆ:

"ಹುಕ್ಕೇರಿ ಪ್ಯಾಟ್ಯಾಗ ಹಸರ ಬಳಿ ಚಂದ,
ಬಸವರಾಜರ ಹೆಸರ ಹೇಳತೇನಿ ನಗಿಮಾರಿಲಿಂದ."

ನಗುಮುಖವೊಂದು ಬಿಟ್ಟು ಉಳಿದದ್ದೆಲ್ಲ ಸರಿಯಾಗಿತ್ತು. ನರ್ಸ್ ಹುಡುಗಿ ನಗು ತಡೆಯಲಾರದೆ ಆಚೆ ಹೋದಳು. ಆದರೆ ಅವರು ಕಣ್ಣು ಬಿಟ್ಟರು. ಮೊದಲು ಒಂದು, ನಿಧಾನಕ್ಕೆ ಇನ್ನೊಂದು. ನನ್ನನ್ನೇ ನೋಡಿದರು. ಡಾಕ್ಟರಮ್ಮನಿಗೂ ಸಂತೋಷವಾಗಿ, "ಇವರು ಯಾರು, ಹೇಳಿ ನೋಡೋಣ" ಎಂದರು. ಅವರು ತುಟಿ ಸೊಟ್ಟ ಮಾಡಿ ಬಹಳ ಹೊತ್ತು ಒದ್ದಾಡಿದರು. ಭಾರತಿ ಎಂಬ ನನ್ನ ಹೆಸರಿನ ಮೂರಕ್ಷರಕ್ಕಾಗಿ ನಾನು ಉಸಿರು ಹಿಡಿದು ನಿಂತೆ. ಕಡೆಗೆ ಹೊರಬಿತ್ತು: "ಕ... ಕತ್ತೂರಿ."

ಡಾಕ್ಟರಮ್ಮ ಕೇಸ್ ಪೇಪರ್ ನೋಡಿ, ನನ್ನನ್ನು ನೋಡಿದರು. "ಹೌದ್ರಿ, ನಾನs" ಎಂದುಬಿಟ್ಟೆ. ಗಂಡ ಹೆಂಡತಿಯನ್ನು ಮರೆತ ಎಂದು ಆ ಕಾಗದದಲ್ಲಿ ಬರೆಯುವುದು ನನಗೆ ಬೇಡವಾಗಿತ್ತು. ಅಷ್ಟರಲ್ಲಿ ಅತ್ತೆ ಕಿವಿಯಿಂದ ಕೈ ತೆಗೆದಿದ್ದರು. ನನ್ನನ್ನು ಹೊರಗೆ ಕರೆದುಕೊಂಡು ಹೋಗಿ, "ಯಾವಾಕಿ ಆಕಿ ಕಸ್ತೂರಿ?" ಎಂದರು. ಆಕೆ ನಿಜವಾದ ಹೆಂಗಸಲ್ಲ, ನನ್ನ ಮೊಬೈಲಿನ ಕತೆಯವಳು ಎಂದೆ. "ನಿನ್ನ ಮೊಬೈಲಿನ್ಯಾಗ ಇದ್ದಾಕಿ ನನ್ನ ಮಗನ ಬಾಯಾಗ ಹೆಂಗ ಬಂದ್ಲು?" ಎಂದರು.

ತಾಯಿಯೆದುರು ಹೆಂಡತಿಯ ಹೆಸರು ಹೇಳಲು ನಾಚಿಕೊಂಡಿರಬೇಕು ಎಂದುಕೊಂಡೆ. ಅತ್ತೆಯನ್ನು ಚಹಾ ಕುಡಿಯಲು ಕಳಿಸಿ ನಾನೊಬ್ಬಳೇ ಕೇಳಿದೆ. ಮತ್ತೆ ಕಸ್ತೂರಿ. ಮೊದಲ ಸಲ ಕಷ್ಟಪಟ್ಟು ಹೇಳಿದ್ದರು, ಈಗ ಪ್ರೀತಿಯಿಂದ ಹೇಳಿದರು. ನನಗೆ ಹೊಟ್ಟೆಯುರಿಯಿತು. ನಾನೇ ಹುಟ್ಟಿಸಿದವಳ ಮೇಲೆ, ಅದೂ ಆಸ್ಪತ್ರೆಯಲ್ಲಿ. ಮಾತು ಕಲಿಸಲು ಬಂದ ಮೇಡಂ, ಇಂಥವರಿಗೆ ಒಂದು ಮಾತಿನ ಜಾಗದಲ್ಲಿ ಇನ್ನೊಂದು ಬರುವುದುಂಟು, ನಿಮ್ಮ ಗುರುತು ಅವರಿಗೆ ಇದ್ದೇ ಇದೆ ಎಂದು ಸಮಾಧಾನ ಹೇಳಿದರು. ಅದು ಖರೆ ಇರಬಹುದು. ರಾತ್ರಿ ನಿದ್ದೆ ಬರದಿದ್ದಾಗ ಮಾತ್ರ ಖರೆ ಅನ್ನಿಸುವುದಿಲ್ಲ.

ಈಗ ಮನೆಗೆ ಬಂದಿದ್ದೇವೆ. ಅಂಗಡಿಯ ಶಟರ್ ಎಳೆದಿದೆ. ಸಂಜೆ ತೋಳು ಹಿಡಿದು ಓಣಿಯಲ್ಲಿ ನಡೆಸುತ್ತೇನೆ. ನಾನು "ರೈಟ್" ಎನ್ನುವವರೆಗೆ ಅವರು ಹೆಜ್ಜೆ ಎತ್ತುವುದಿಲ್ಲ, "ಹೋಲ್ಡಾನ್" ಎನ್ನುವವರೆಗೆ ನಿಲ್ಲುವುದಿಲ್ಲ. ಮನೆಯೊಳಗಿಂದ "ಕಸ್ತೂರೀ!" ಎಂದು ಓಣಿಗೆಲ್ಲ ಕೇಳುವಂತೆ ಕರೆಯುತ್ತಾರೆ. ಹೆಸರು ಹಿಡಿದು ಕರೆಯುವ ಗಂಡ ಬೇಕೆಂದು ವರ್ಷಗಟ್ಟಲೆ ಆಸೆಪಟ್ಟಿದ್ದೆ, ಈಗ ಸಿಕ್ಕಿದ್ದಾರೆ. ನನ್ನ ಐಡಿ ಕಾರ್ಡು ಹಿಡಿದು ಭಾ-ರ-ತಿ ಎಂದು ಕಲಿಸಿದರೆ ಜಾಣ ಹುಡುಗನಂತೆ ಹೇಳುತ್ತಾರೆ. ಆಮೇಲೆ ನೀರು ಬೇಕಾದರೆ ಕಸ್ತೂರಿಯನ್ನೇ ಕರೆಯುತ್ತಾರೆ.

ಕಸ್ತೂರಿಯನ್ನು ಮುಗಿಸಿಬಿಡಬೇಕೆಂದು ಒಂದು ದಿನ ನಿರ್ಧರಿಸಿದೆ. ಅಂದು ಸೀಟೂ ಸಿಕ್ಕಿತ್ತು. ಸೇತುವೆಯ ಮೇಲಿಂದ ಆಕೆಯನ್ನು ಹೊಳೆಗೆ ಬೀಳಿಸಿದೆ. ಬಸ್ಸು ಅಲ್ಲೇ ನಿಂತಿತು. ಶಿವು ಸ್ಟೇರಿಂಗ್ ಹಿಡಿದು ಗಂಟೆಗಾಗಿ ಕಾಯುತ್ತ ಕುಳಿತ. ಮುಂದೆ ಬರೆಯಲಾಗಲಿಲ್ಲ, ಎಲ್ಲ ಅಳಿಸಿ ನಾನೇ ಅಳತೊಡಗಿದೆ. ಪಕ್ಕದ ಹೆಂಗಸು ಬೆನ್ನು ಸವರಿ, "ಯಾರರೆ ತೀರ್ಕೊಂಡ್ರೇನ್ರಿ?" ಎಂದು ಕೇಳಿದರು. "ಇನ್ನೂ ಇಲ್ರಿ" ಎಂದೆ. ಆಕೆ ಸ್ವಲ್ಪ ಸರಿದು ಕುಳಿತರು.

ಮೊನ್ನೆ ಶಾಲೆಯ ಮೀಟಿಂಗಿನಲ್ಲಿ ಹೆಡ್‌ಮಾಸ್ತರರು "ಭಾರತಿ ಮೇಡಂ" ಎಂದು ಕರೆದರು. ಯಾರೂ ಓ ಎನ್ನಲಿಲ್ಲ. ಇನ್ನೊಮ್ಮೆ ಕರೆದರು. ಕರೆದರೂ ಮಾತಾಡದೆ ಕುಳಿತಿರುವ ಈ ಸೊಕ್ಕಿನ ಹೆಂಗಸು ಯಾರಿರಬಹುದೆಂದು ನಾನೂ ಎಲ್ಲರ ಜೊತೆ ಹಿಂದೆ ತಿರುಗಿ ನೋಡಿದೆ. "ಯಾಕ್ರಿ ಮೇಡಂ, ನಿಮ್ಮನ್ನs ಕರಿಯಾಕತ್ತೇನಿ" ಎಂದರು ಅವರು. ಗಾಬರಿಯಿಂದ ಎದ್ದು "ಇದ್ದೇನ್ರಿ ಸರ್" ಎಂದೆ, ಶಾಲೆಗೆ ಬಾರದ ಗೆಳತಿಯ ಹಾಜರಿಯನ್ನು ತಾನು ಹೇಳುವ ಹುಡುಗಿಯ ಹಾಗೆ.